ಒಂದು ಬೇರಿಂಗ್ ಹೌಸಿಂಗ್ ಇಟ್ಟುಕೊಂಡು ಕಲಿಯೋಣ: ಶಾಪ್‌ನಿಂದ ವಾಪಸ್ ಬರದ ಡ್ರಾಯಿಂಗ್ ಮಾಡುವುದು ಹೇಗೆ?

ಕ್ಯಾಡ್, ಅಂದರೆ ಕಂಪ್ಯೂಟರ್‌ನಲ್ಲಿ ಡಿಸೈನ್ ಮಾಡುವುದು, ಚೆನ್ನಾಗಿ ಬರುತ್ತದೆ. ಮಾಡೆಲ್ ಪರದೆಯ ಮೇಲೆ ಅಂದವಾಗಿ ತಿರುಗುತ್ತದೆ. ಆದರೂ ಡ್ರಾಯಿಂಗ್, ಪಾರ್ಟ್ ತಯಾರಿಸುವ ಮಷಿನ್ ಶಾಪ್‌ಗೆ ಹೋದ ಮಾರನೇ ದಿನವೇ ಪೆನ್ಸಿಲ್ ಗುರುತುಗಳ ಸಮೇತ ವಾಪಸ್ ಬರುತ್ತದೆ. ಐಟಿಐ, ಡಿಪ್ಲೊಮಾ, ಬಿ.ಇ. ಯಾವುದೇ ಮುಗಿಸಿ ಬಂದಿರಲಿ, ಪೀಣ್ಯದಲ್ಲಿ ಕೆಲಸಕ್ಕೆ ಸೇರಿದ ಹೊಸಬರಲ್ಲಿ ಇದನ್ನು ಅನುಭವಿಸದವರು ಕಡಿಮೆ. ನಾನೂ ಅನುಭವಿಸಿದ್ದೇನೆ.

ಕೊರತೆ ಸಾಫ್ಟ್‌ವೇರ್‌ನಲ್ಲಿ ಇರುವುದಿಲ್ಲ. ಡ್ರಾಯಿಂಗ್‌ನಲ್ಲಿ ಬರೆಯುವ ಪ್ರತಿ ಅಳತೆಗೂ ಮೂರು ಪ್ರಶ್ನೆ ಕೇಳುವ ಅಭ್ಯಾಸ ನಮಗೆ ಆಗಿರುವುದಿಲ್ಲ. ಇದನ್ನು ಯಾವ ಟೂಲ್‌ನಿಂದ ಮಾಡುತ್ತಾರೆ? ಜಾಬ್ (ಮಷಿನ್ ಮೇಲೆ ತಯಾರಾಗುತ್ತಿರುವ ಪಾರ್ಟ್) ಹೇಗೆ ಹಿಡಿಯುತ್ತಾರೆ? ಯಾವ ಗೇಜ್‌ನಿಂದ ಚೆಕ್ ಮಾಡುತ್ತಾರೆ? ಈ ಅಭ್ಯಾಸ ಬರಬೇಕಾದರೆ ನೂರು ಮಾಡೆಲ್ ಮಾಡುವ ಅಗತ್ಯ ಇಲ್ಲ. ಒಂದೇ ಒಂದು ಪಾರ್ಟನ್ನು ಕೊನೆಯವರೆಗೂ ಹಿಂಬಾಲಿಸಿದರೆ ಸಾಕು. ಈ ಲೇಖನದಲ್ಲಿ ಅದನ್ನೇ ಮಾಡೋಣ.

ನಮ್ಮ ಪಾರ್ಟ್ ಇದು: 80 x 80 ಮಿ.ಮೀ. ಅಳತೆಯ, 25 ಮಿ.ಮೀ. ದಪ್ಪದ ಒಂದು ಹೌಸಿಂಗ್, ಅಂದರೆ ಬೇರಿಂಗನ್ನು ಹಿಡಿದಿಡುವ ಕವಚ. ಒಳಗೆ 6204 ಬೇರಿಂಗ್ ಕೂರಬೇಕು. ನಾಲ್ಕು ಮೂಲೆಗಳಲ್ಲಿ ಎಂ6 ಬೋಲ್ಟ್‌ಗೆ ತೂತು. 6204 ಬೇರಿಂಗ್ ಮಾರುವ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ. ಒಳ ವ್ಯಾಸ 20, ಹೊರ ವ್ಯಾಸ 47, ಅಗಲ 14 ಮಿ.ಮೀ. ಮೊದಲು ಒಂದನ್ನು ಕೊಂಡು ಮೇಜಿನ ಮೇಲೆ ಇಟ್ಟುಕೊಳ್ಳಿ.

ಹೆಜ್ಜೆ 1: ಗುಜರಿಯಿಂದ ಶುರು ಮಾಡಿ

ಕಂಪ್ಯೂಟರ್ ಆನ್ ಮಾಡುವ ಮೊದಲು ಹತ್ತಿರದ ಗುಜರಿ ಅಂಗಡಿಗೆ ಹೋಗಿ. ಹಳೇ ಪಂಪಿನ ಕವರ್, ಮೋಟಾರಿನ ಎಂಡ್ ಶೀಲ್ಡ್, ಮುರಿದ ಗೇರ್‌ಬಾಕ್ಸ್ ತುಂಡು, ಏನು ಸಿಕ್ಕರೂ ಸರಿ, ಎರಡು ಮೂರು ತನ್ನಿ. ಒಂದು ವರ್ನಿಯರ್, ಒಂದು ಸ್ಕೇಲ್, ಪೆನ್ಸಿಲ್ ಮತ್ತು ಎ3 ಹಾಳೆ ಸಾಕು. ಅಳೆದು ಕೈಯಲ್ಲೇ ಸ್ಕೆಚ್ ಮಾಡಿ.

ಸ್ಕೆಚ್ ಮಾಡುವಾಗ ಪಾರ್ಟಿನ ಮೈಯನ್ನು ಓದಿ. ಎಲ್ಲಿ ಹೊಳೆಯುತ್ತಿದೆ, ಎಲ್ಲಿ ಒರಟಾಗಿದೆ? ಒರಟಾಗಿ ಉಳಿದ ಜಾಗವನ್ನು ಮಷಿನ್ ಮುಟ್ಟಿಯೇ ಇಲ್ಲ. ಅಲ್ಲಿ ಯಾರೋ ಡಿಸೈನರ್ ‘ಇದಕ್ಕೆ ಖರ್ಚು ಮಾಡಬೇಕಿಲ್ಲ’ ಎಂದು ತೀರ್ಮಾನಿಸಿದ್ದಾರೆ. ಹೊಳೆಯುವ ಜಾಗದಲ್ಲಿ ಇನ್ನೊಂದು ಪಾರ್ಟ್ ಬಂದು ಕೂರುತ್ತದೆ. ಈ ಎರಡನ್ನು ಬೇರೆ ಮಾಡಿ ನೋಡುವುದು ಬಂದರೆ ಅರ್ಧ ಡಿಸೈನ್ ಬಂದ ಹಾಗೆ.

ಪ್ರೊಜೆಕ್ಷನ್ ಬಗ್ಗೆ ಒಂದು ಎಚ್ಚರಿಕೆ. ನಮ್ಮಲ್ಲಿ ಫಸ್ಟ್ ಆ್ಯಂಗಲ್ ಪದ್ಧತಿ. ಮೇಲಿನಿಂದ ನೋಡಿದ ಚಿತ್ರ ಮುಂಭಾಗದ ಚಿತ್ರದ ಕೆಳಗೆ ಬರುತ್ತದೆ. ಅಮೆರಿಕದ ಡ್ರಾಯಿಂಗ್‌ಗಳಲ್ಲಿ ಥರ್ಡ್ ಆ್ಯಂಗಲ್, ಅಂದರೆ ಮೇಲಿನ ನೋಟ ಮೇಲೆಯೇ ಇರುತ್ತದೆ. ಬೆಂಗಳೂರಿನ ಶಾಪ್‌ಗಳಿಗೆ ಎರಡೂ ಬಗೆಯ ಡ್ರಾಯಿಂಗ್ ಬರುತ್ತವೆ. ಟೈಟಲ್ ಬ್ಲಾಕ್‌ನಲ್ಲಿ (ಹಾಳೆಯ ಮೂಲೆಯ ಮಾಹಿತಿ ಚೌಕಟ್ಟಿನಲ್ಲಿ) ಪದ್ಧತಿ ಯಾವುದೆಂದು ತಿಳಿಸುವ ಚಿಕ್ಕ ಶಂಕುವಿನ ಚಿಹ್ನೆಯನ್ನು ನೋಡದೆ ಹೋದರೆ ಎಡದ ತೂತು ಬಲಕ್ಕೆ ಹೋಗಿ, ಕನ್ನಡಿಯಲ್ಲಿ ಕಂಡಂಥ ಪಾರ್ಟ್ ತಯಾರಾಗುತ್ತದೆ. ನೀವು ಬರೆಯುವಾಗಲೂ ಆ ಚಿಹ್ನೆ ಮರೆಯಬೇಡಿ.

ಹೆಜ್ಜೆ 2: ಮಷಿನ್ ಪಕ್ಕದಲ್ಲಿ ನಿಲ್ಲಿ

ವಾರಕ್ಕೆ ಒಂದು ದಿನವಾದರೂ ಶಾಪ್‌ನಲ್ಲಿ ಕಳೆಯಿರಿ. ಪರಿಚಯ ಇಲ್ಲದಿದ್ದರೆ ಚಿಕ್ಕ ಜಾಬ್ ವರ್ಕ್ ಶಾಪ್‌ಗೆ ಹೋಗಿ ವಿನಯದಿಂದ ಕೇಳಿ. ಕಲಿಯಬೇಕು ಅಂತ ಬಂದವರನ್ನು ಹಿರಿಯ ಟರ್ನರ್‌ಗಳು ಸಾಮಾನ್ಯವಾಗಿ ಓಡಿಸುವುದಿಲ್ಲ.

ಮೊದಲು ನೋಡಬೇಕಾದದ್ದು ಸೆಟ್ಟಿಂಗ್. ಜಾಬನ್ನು ವೈಸ್‌ನಲ್ಲೋ ಚಕ್‌ನಲ್ಲೋ ಒಮ್ಮೆ ಕಚ್ಚಿಸಿದರೆ ಒಂದು ಸೆಟ್ಟಿಂಗ್. ಬಿಚ್ಚಿ ತಿರುಗಿಸಿ ಹಿಡಿದರೆ ಇನ್ನೊಂದು. ಪ್ರತಿ ಸೆಟ್ಟಿಂಗ್‌ಗೂ ಸಮಯ ಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, ತಿರುಗಿಸಿ ಹಿಡಿದಾಗಲೆಲ್ಲ ಒಂದಿಷ್ಟು ನಿಖರತೆ ಕಳೆದುಹೋಗುತ್ತದೆ.

ನಮ್ಮ ಹೌಸಿಂಗ್‌ಗೆ ಇದನ್ನು ಹಚ್ಚಿ ನೋಡೋಣ. ಹೌಸಿಂಗ್‌ನ ಒಂದು ಮುಖ ಬೇಸ್ ಪ್ಲೇಟಿಗೆ ಒತ್ತಿಕೊಂಡು ಕೂರುತ್ತದೆ. ಅದನ್ನು ‘ಎ’ ಮುಖ ಅನ್ನೋಣ. ಬೇರಿಂಗ್ ಕೂರುವ ಬೋರ್ (ದುಂಡು ತೂತು) ಈ ಮುಖಕ್ಕೆ ನೇರ ಲಂಬವಾಗಿ ಇರಬೇಕು. ಬೋರ್ ಎದುರಿನ ಮುಖದ ಕಡೆಗೆ ತೆರೆದುಕೊಂಡಿದ್ದರೆ ‘ಎ’ ಮುಖವನ್ನು ಒಂದು ಸೆಟ್ಟಿಂಗ್‌ನಲ್ಲಿ, ಬೋರನ್ನು ಇನ್ನೊಂದರಲ್ಲಿ ಮಾಡಬೇಕಾಗುತ್ತದೆ. ಲಂಬಕೋನ ಬರಿಸಲು ಆಪರೇಟರ್ ಡಯಲ್ ಹಿಡಿದು ಒದ್ದಾಡಬೇಕು. ಬೋರನ್ನು ‘ಎ’ ಮುಖದ ಕಡೆಗೇ ತೆರೆದರೆ? ಮುಖವೂ ಬೋರೂ ಒಂದೇ ಸೆಟ್ಟಿಂಗ್‌ನಲ್ಲಿ ಮುಗಿಯುತ್ತವೆ. ಲಂಬಕೋನ ಮಷಿನ್‌ನಿಂದಲೇ ಬಂದುಬಿಡುತ್ತದೆ, ಅದಕ್ಕೆ ಬೇರೆ ಖರ್ಚಿಲ್ಲ. ಬೇರಿಂಗ್, ಬೋರಿನ ಒಳಗಿನ ಮೆಟ್ಟಿಲು ಮತ್ತು ಬೇಸ್ ಪ್ಲೇಟ್ ನಡುವೆ ಉಳಿಯುತ್ತದೆ, ಅದು ಹೊರಗೆ ಬರದಂತೆ ತಡೆಯುವ ಸರ್‌ಕ್ಲಿಪ್ ಕೂಡ ಬೇಡ. ತಯಾರಿಕೆಗೆ ಒಗ್ಗುವ ಡಿಸೈನ್ ಅಂದರೆ ಇದೇ. ದೊಡ್ಡ ಸೂತ್ರ ಏನಿಲ್ಲ, ತೂತು ಯಾವ ಕಡೆ ಬಾಯಿ ತೆರೆಯಬೇಕು ಎಂಬ ಒಂದು ಪ್ರಶ್ನೆ ಅಷ್ಟೆ.

ಇನ್ನು ಟೂಲ್. ಎಂಡ್ ಮಿಲ್ (ತಿರುಗುತ್ತಾ ಕೊರೆಯುವ ಕಟರ್) ದುಂಡಗಿರುತ್ತದೆ. ಹಾಗಾಗಿ ಪಾಕೆಟ್‌ನ, ಅಂದರೆ ಕೊರೆದ ಗುಳಿಯ, ಒಳಮೂಲೆ ಚೂಪಾಗಿ ಬರುವುದೇ ಇಲ್ಲ. 30 ಮಿ.ಮೀ. ಆಳದ ಪಾಕೆಟ್‌ಗೆ 10 ಮಿ.ಮೀ. ಕಟರ್ ಆರಾಮಾಗಿ ಹೋಗುತ್ತದೆ. ಮೂಲೆಗೆ ರೇಡಿಯಸ್ 5 ಕೊಡುವ ಬದಲು 6 ಕೊಡಿ, ಕಟರ್ ಮೂಲೆಯಲ್ಲಿ ನಿಂತು ನಡುಗದೆ ಸುತ್ತಿಕೊಂಡು ಹೋಗುತ್ತದೆ. ಅದೇ ಮೂಲೆಗೆ ರೇಡಿಯಸ್ 2 ಎಂದು ಬರೆದರೆ 4 ಮಿ.ಮೀ. ಕಟರನ್ನು 30 ಮಿ.ಮೀ. ಆಳಕ್ಕೆ ಇಳಿಸಬೇಕು. ಅದು ಬಾಗುತ್ತದೆ, ಮುರಿಯುತ್ತದೆ. ಹೀಗೆಯೇ ತೂತಿನ ತಳದವರೆಗೂ ಎಂ6 ಥ್ರೆಡ್ ಕೇಳಬೇಡಿ. 5 ಮಿ.ಮೀ. ಡ್ರಿಲ್ 17 ಮಿ.ಮೀ. ಆಳ, ಥ್ರೆಡ್ 12 ಮಿ.ಮೀ. ಎಂದು ಬರೆದರೆ ಥ್ರೆಡ್ ಕೊರೆಯುವ ಟ್ಯಾಪ್‌ನ ಮೂತಿಗೂ ಲೋಹದ ಚೂರುಗಳಿಗೂ ಜಾಗ ಸಿಗುತ್ತದೆ.

ಹೆಜ್ಜೆ 3: ಫಿಟ್‌ಗಳನ್ನು ಕೈಯಿಂದ ಲೆಕ್ಕ ಹಾಕಿ

ಫಿಟ್ ಅಂದರೆ ಒಂದು ಪಾರ್ಟ್ ಇನ್ನೊಂದರಲ್ಲಿ ಎಷ್ಟು ಸಡಿಲ ಅಥವಾ ಬಿಗಿ ಕೂರುತ್ತದೆ ಎಂಬುದು. ಅದನ್ನು ಹೇಳುವ ಎಚ್7, ಜಿ6, ಕೆ6 ಎಂಬ ಗುರುತುಗಳನ್ನು ಬಾಯಿಪಾಠ ಮಾಡುವವರು ಬಹಳ. ಟೇಬಲ್ ತೆಗೆದು ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲೊಂದು ಭಾಗ) ಲೆಕ್ಕ ಹಾಕುವವರು ಕಡಿಮೆ. ನೀವು ಹಾಕಿ.

ಬೇರಿಂಗ್‌ನ ಹೊರ ವ್ಯಾಸ 47 ಎಂದರೂ ಕಂಪನಿ ಅದನ್ನು 47.000 ರಿಂದ 46.989ರ ಒಳಗೆ ಮಾಡುತ್ತದೆ. ನಮ್ಮ ಬೋರ್ 47 ಎಚ್7 ಅಂದರೆ 47.000 ರಿಂದ 47.025. ಹಾಗಾದರೆ ಸಡಿಲ ಎಷ್ಟು? ಕಡಿಮೆ ಎಂದರೆ ಸೊನ್ನೆ, ಜಾಸ್ತಿ ಎಂದರೆ 36 ಮೈಕ್ರಾನ್. ಕೈಯಲ್ಲಿ ಒತ್ತಿದರೆ ಬೇರಿಂಗ್ ಒಳಗೆ ಹೋಗುತ್ತದೆ.

ಈಗ ಶಾಫ್ಟ್. 20 ಕೆ6 ಅಂದರೆ 20.002 ರಿಂದ 20.015. ಬೇರಿಂಗ್‌ನ ಒಳ ವ್ಯಾಸ 20.000 ರಿಂದ 19.990. ಇಲ್ಲಿ ಸಡಿಲ ಇಲ್ಲವೇ ಇಲ್ಲ, 2 ರಿಂದ 25 ಮೈಕ್ರಾನ್ ಬಿಗಿ. ಶಾಫ್ಟ್ ತಿರುಗುವ ಕಡೆ ಬಿಗಿ, ನಿಂತಿರುವ ಹೌಸಿಂಗ್ ಕಡೆ ಸ್ವಲ್ಪ ಸಡಿಲ. ಕಾರಣ ಇದೆ: ತಿರುಗುವ ರಿಂಗ್ ಸಡಿಲ ಇದ್ದರೆ ಅದು ಶಾಫ್ಟ್ ಮೇಲೆ ನಿಧಾನಕ್ಕೆ ಜಾರುತ್ತಾ ಶಾಫ್ಟನ್ನೇ ತಿಂದುಹಾಕುತ್ತದೆ.

ಆಳದ ಅಳತೆಯನ್ನೂ ಹೀಗೆಯೇ ನೋಡಿ. ಬೇರಿಂಗ್ ಅಗಲ 14.00 ರಿಂದ 13.88ರವರೆಗೆ ಇರಬಹುದು. ಬೋರಿನ ಆಳವನ್ನು 14, ಪ್ಲಸ್ 0.1, ಮೈನಸ್ ಸೊನ್ನೆ ಎಂದು ಕೊಟ್ಟರೆ ಬೇರಿಂಗ್ ಉದ್ದಕ್ಕೂ ಆಡುವ ಜಾಗ ಸೊನ್ನೆಯಿಂದ 0.22 ಮಿ.ಮೀ. ನಿಮ್ಮ ಮಷಿನ್‌ಗೆ ಅಷ್ಟು ಆಟ ನಡೆಯುತ್ತದಾ? ನಡೆದರೆ ಅಷ್ಟಕ್ಕೇ ಬಿಡಿ. ನಡೆಯದಿದ್ದರೆ ನಡುವೆ ಒಂದು ಶಿಮ್ (ತೆಳು ತಗಡು) ಹಾಕುವುದನ್ನು ಯೋಚಿಸಿ. ಆಳವನ್ನು 0.01ಕ್ಕೆ ಬಿಗಿ ಮಾಡುವುದು ಕೊನೆಯ ದಾರಿ, ಅದು ದುಬಾರಿ. ಬೇರಿಂಗ್‌ನ 0.12 ವ್ಯತ್ಯಾಸ ಅದರಿಂದ ಹೋಗುವುದೂ ಇಲ್ಲ. ಒಂದು ಅಳತೆ ಎಷ್ಟು ಹೆಚ್ಚುಕಡಿಮೆ ಆಗಬಹುದು ಎಂಬುದು ಟಾಲರೆನ್ಸ್; ಅವನ್ನು ಹೀಗೆ ಕೂಡಿಸಿ ನೋಡುವ, ಟಾಲರೆನ್ಸ್ ಸ್ಟ್ಯಾಕಪ್ ಎಂದು ಕರೆಯುವ ಲೆಕ್ಕ ಇದೇ. ದೊಡ್ಡ ಅಸೆಂಬ್ಲಿಯಲ್ಲಿ ಅಳತೆಗಳ ಸರಪಳಿ ಉದ್ದ ಆಗುತ್ತದೆ, ಲೆಕ್ಕದ ರೀತಿ ಬದಲಾಗುವುದಿಲ್ಲ.

ನನಗೆ ಬಿದ್ದ ಪೆಟ್ಟೊಂದನ್ನು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇಂಥದ್ದೇ ಶಾಫ್ಟ್ ಬರೆದಿದ್ದೆ. ಬೇರಿಂಗ್ ಒರಗುವ ಮೆಟ್ಟಿಲಿನ ಬುಡಕ್ಕೆ ಗಟ್ಟಿ ಇರಲಿ ಎಂದು ರೇಡಿಯಸ್ 1.5 ಕೊಟ್ಟಿದ್ದೆ. ವ್ಯಾಸ, ಫಿಟ್, ಫಿನಿಶ್ ಎಲ್ಲ ಸರಿ ಇತ್ತು. ಜೋಡಿಸುವ ದಿನ ಫಿಟ್ಟರ್ ಕರೆದರು. “ಬೇರಿಂಗ್ ಕೂತಿಲ್ಲ ಸಾರ್, ಸುಮ್ನೆ ಆತುಕೊಂಡಿದೆ,” ಎಂದರು. ಫೀಲರ್ ಗೇಜ್ ಬಿಡಿಸಿ 0.2 ಮಿ.ಮೀ. ಎಲೆಯನ್ನು ಬೇರಿಂಗ್ ಮತ್ತು ಮೆಟ್ಟಿಲಿನ ನಡುವೆ ತೂರಿಸಿದರು. ಸಲೀಸಾಗಿ ಒಳಗೆ ಹೋಯಿತು. ಶಾಫ್ಟನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ತೂರಿಸಿದರು. ಅಲ್ಲೂ ಹೋಯಿತು. ಬೇರಿಂಗ್‌ನ ಮೂಲೆಯ ರೇಡಿಯಸ್ 1 ಮಿ.ಮೀ. ಇರಬಹುದು. ನನ್ನ 1.5 ರೇಡಿಯಸ್ ಮೇಲೆ ಅದು ಹತ್ತಿ ನಿಂತಿತ್ತು. ಕ್ಯಾಟಲಾಗ್‌ನಲ್ಲಿ ಸಾಫ್ ಬರೆದಿದೆ: 6204ಕ್ಕೆ ಶಾಫ್ಟ್ ಮೂಲೆಯ ರೇಡಿಯಸ್ 1ಕ್ಕಿಂತ ಜಾಸ್ತಿ ಇರಬಾರದು, ಮೆಟ್ಟಿಲಿನ ವ್ಯಾಸ ಕನಿಷ್ಠ 25.6 ಇರಬೇಕು, ಹೌಸಿಂಗ್ ಕಡೆ ಮೆಟ್ಟಿಲಿನ ಒಳ ವ್ಯಾಸ 41.4 ಮೀರಬಾರದು. ನಾನು ಆ ಪುಟವನ್ನು ಪೂರ್ತಿ ಓದಿರಲಿಲ್ಲ. ಅವತ್ತಿನಿಂದ ಕೊಂಡು ತರುವ ಯಾವ ಪಾರ್ಟ್ ಇದ್ದರೂ, ಅದರ ಕ್ಯಾಟಲಾಗ್ ಪುಟದ ಅಡಿಟಿಪ್ಪಣಿಯವರೆಗೂ ಓದಿ ಆಮೇಲೆ ಡ್ರಾಯಿಂಗ್ ಮುಟ್ಟುತ್ತೇನೆ.

ಹೆಜ್ಜೆ 4: ಜಿಡಿ ಅಂಡ್ ಟಿ, ಅಂದರೆ ತೂತು ಎಲ್ಲಿದ್ದರೆ ಸಾಕು ಎಂದು ಹೇಳುವುದು

ಜಿಯೊಮೆಟ್ರಿಕ್ ಡೈಮೆನ್ಷನಿಂಗ್ ಅಂಡ್ ಟಾಲರೆನ್ಸಿಂಗ್ ಎಂಬ ಇದಕ್ಕೆ ಹೆದರುವವರು ಜಾಸ್ತಿ. ಚಿಹ್ನೆಗಳಿಂದ ಶುರು ಮಾಡಿದರೆ ಹೆದರಿಕೆ ಸಹಜ. ಒಂದು ತೂತಿನಿಂದ ಶುರು ಮಾಡಿ.

ತೂತಿನ ಜಾಗವನ್ನು ಎರಡು ಅಂಚುಗಳಿಂದ ±0.1 ಎಂದು ಕೊಟ್ಟಿದ್ದೀರಿ ಎಂದುಕೊಳ್ಳಿ. ತೂತಿನ ಮಧ್ಯಬಿಂದು 0.2 x 0.2ರ ಒಂದು ಚೌಕದೊಳಗೆ ಎಲ್ಲಿ ಬೇಕಾದರೂ ಇರಬಹುದು. ಚೌಕದ ಮೂಲೆ ಮಧ್ಯದಿಂದ 0.141 ದೂರದಲ್ಲಿದೆ. ಅಂದರೆ ಓರೆಯಾಗಿ 0.14 ಸರಿದರೆ ಪಾಸ್, ನೇರವಾಗಿ 0.12 ಸರಿದರೆ ರಿಜೆಕ್ಟ್! ಬೋಲ್ಟ್‌ಗೆ ಓರೆ, ನೇರ ಎಂಬ ಭೇದ ಇಲ್ಲ, ಅಲ್ವಾ? ಎಲ್ಲ ದಿಕ್ಕಿಗೂ 0.14 ನಡೆಯುವುದಾದರೆ ಆ ವಲಯ ಚೌಕ ಇರಬಾರದು, ವೃತ್ತ ಇರಬೇಕು. 0.283 ವ್ಯಾಸದ ಆ ವೃತ್ತದ ವಿಸ್ತೀರ್ಣ ಚೌಕಕ್ಕಿಂತ ಶೇ 57ರಷ್ಟು ಜಾಸ್ತಿ. ಕೆಲಸಕ್ಕೆ ಬರುವ ಪಾರ್ಟನ್ನು ಸುಮ್ಮನೆ ಗುಜರಿಗೆ ಹಾಕುವುದು ಇದರಿಂದ ತಪ್ಪುತ್ತದೆ. 1940ರ ಆಸುಪಾಸಿನಲ್ಲಿ ಸ್ಕಾಟ್ಲೆಂಡಿನ ಟಾರ್ಪಿಡೋ ಕಾರ್ಖಾನೆಯೊಂದರಲ್ಲಿದ್ದ ಸ್ಟ್ಯಾನ್ಲಿ ಪಾರ್ಕರ್ ಈ ವಿಚಾರಕ್ಕೆ ರೂಪ ಕೊಟ್ಟರು. ಪೊಸಿಷನ್ ಟಾಲರೆನ್ಸ್ ಹುಟ್ಟಿದ್ದು ಅಲ್ಲಿಂದ.

ನಮ್ಮ ಹೌಸಿಂಗ್‌ನಲ್ಲಿ ಎಂ6 ಬೋಲ್ಟ್‌ಗೆ 6.6 ಮಿ.ಮೀ. ತೂತು. ಬೋಲ್ಟ್ 6, ತೂತು 6.6, ಉಳಿಯುವ ಆಟ 0.6. ಬೇಸ್ ಪ್ಲೇಟಿನಲ್ಲಿ ಥ್ರೆಡ್ ಇರುವುದರಿಂದ ಬೋಲ್ಟ್ ಅಲ್ಲಿ ಅಲ್ಲಾಡುವುದಿಲ್ಲ. ಹಾಗಾಗಿ ಈ 0.6ನ್ನು ಎರಡೂ ಪಾರ್ಟ್ ಹಂಚಿಕೊಳ್ಳಬೇಕು. ಹೌಸಿಂಗ್ ತೂತುಗಳಿಗೆ 0.3, ಪ್ಲೇಟಿನ ತೂತುಗಳಿಗೆ 0.3. ಎರಡೂ ಕಡೆ ಸಾದಾ ತೂತಿದ್ದು, ಹಿಂದೆ ನಟ್ ಹಾಕುವುದಾಗಿದ್ದರೆ ಒಂದೊಂದಕ್ಕೂ ಪೂರ್ತಿ 0.6 ಕೊಡಬಹುದಿತ್ತು. ಲೆಕ್ಕ ಎರಡು ಸಾಲು ಅಷ್ಟೆ. ಆದರೆ ಈ ಎರಡು ಸಾಲು ಬರೆಯದೆ ಎಷ್ಟೋ ಡ್ರಾಯಿಂಗ್‌ಗಳಲ್ಲಿ ಬೋಲ್ಟ್ ತೂತಿಗೆ 0.05 ಎಂದು ಬರೆದಿರುತ್ತಾರೆ. ಯಾಕೆ ಎಂದು ಕೇಳಿದರೆ ಉತ್ತರ ಇರುವುದಿಲ್ಲ.

ವೃತ್ತದೊಳಗೆ ಎಂ ಅಕ್ಷರ ಹಾಕುವ ಚಿಹ್ನೆಯನ್ನು ಇಲ್ಲಿಯೇ ಅರ್ಥ ಮಾಡಿಕೊಳ್ಳಿ. ತೂತು 6.6 ಇದ್ದಾಗ 0.3. ಅದೇ ತೂತು ಟಾಲರೆನ್ಸ್ ಒಳಗೇ ಸ್ವಲ್ಪ ದೊಡ್ಡದಾಗಿ 6.8 ಬಂದರೆ? ಬೋಲ್ಟ್‌ಗೆ ಇನ್ನೂ 0.2 ಜಾಗ ಸಿಕ್ಕಿತು. ಆ 0.2 ಸೇರಿಸಿ 0.5ರವರೆಗೆ ತೂತು ಸರಿದಿದ್ದರೂ ಪಾಸ್ ಮಾಡಿ ಎಂದು ಆ ಚಿಹ್ನೆ ಹೇಳುತ್ತದೆ. ಬೋಲ್ಟ್ ತೂತಿಗೆ ಇದನ್ನು ಧಾರಾಳವಾಗಿ ಬಳಸಿ. ಬೇರಿಂಗ್ ಬೋರಿಗೆ ಬೇಡ, ಅಲ್ಲಿ ಕೇಂದ್ರವೇ ಮುಖ್ಯ.

ಇನ್ನು ಡೇಟಮ್, ಅಂದರೆ ಅಳತೆಗಳಿಗೆ ಆಧಾರವಾಗುವ ಜಾಗ. ಪಾರ್ಟ್ ಜೋಡಣೆಯಲ್ಲಿ ಯಾವುದರ ಮೇಲೆ ಕೂರುತ್ತದೋ ಅದು ಮೊದಲ ಡೇಟಮ್. ನಮ್ಮಲ್ಲಿ ‘ಎ’ ಮುಖ. ಯಾವುದು ಅದನ್ನು ಮಧ್ಯಕ್ಕೆ ತರುತ್ತದೋ ಅದು ಎರಡನೆಯದು, ಅಂದರೆ 47ರ ಬೋರ್, ಅದು ‘ಬಿ’. ಬೋಲ್ಟ್ ತೂತುಗಳನ್ನು ‘ಎ’, ‘ಬಿ’ಗೆ ಕಟ್ಟಿ, ತೂತುಗಳ ಚೌಕ ಯಾವ ಕಡೆ ತಿರುಗಿರಬೇಕು ಎಂದು ಹೇಳಲು ಒಂದು ಹೊರ ಅಂಚನ್ನು ‘ಸಿ’ ಮಾಡಿ. ಹೊರಗಿನ ಎರಡು ಅಂಚುಗಳಿಂದ ಎಲ್ಲವನ್ನೂ ಅಳೆಯುವುದು ಕಾಲೇಜಿನ ಅಭ್ಯಾಸ. ಜೋಡಣೆಯಲ್ಲಿ ಆ ಅಂಚು ಯಾವುದಕ್ಕೂ ತಾಗುವುದೇ ಇಲ್ಲವಾದರೆ, ಅದರಿಂದ ಅಳೆದು ಏನು ಉಪಯೋಗ?

ಉಳಿದ ಅಳತೆಗಳಿಗೆ ಟೈಟಲ್ ಬ್ಲಾಕ್‌ನಲ್ಲಿ ಐಎಸ್‌ಒ 2768-ಎಂ (ಜನರಲ್ ಟಾಲರೆನ್ಸ್ ಮಾನಕ) ಎಂದು ಬರೆದರೆ 6 ರಿಂದ 30 ಮಿ.ಮೀ.ವರೆಗೆ ±0.2, 30 ರಿಂದ 120ರವರೆಗೆ ±0.3 ತಾನಾಗಿಯೇ ಅನ್ವಯ ಆಗುತ್ತದೆ. 80 x 80ರ ಹೊರಮೈಗೆ ಅದು ಧಾರಾಳ.

ಹೆಜ್ಜೆ 5: ಹೇಗೆ ಅಳೆಯುತ್ತಾರೆ ಎಂದು ತಿಳಿಯಿರಿ

ಅಳೆಯಲು ಆಗದ ಟಾಲರೆನ್ಸ್ ಬರೆಯುವುದು ದೊಡ್ಡ ತಪ್ಪು. ಶಾಪ್‌ನ ಸಾಮಾನ್ಯ ವರ್ನಿಯರ್ 0.02 ಮಿ.ಮೀ. ತೋರಿಸುತ್ತದೆ, ಮೈಕ್ರೋಮೀಟರ್ 0.01. 25 ಮೈಕ್ರಾನ್ ಅಗಲದ ಎಚ್7 ಬೋರನ್ನು ವರ್ನಿಯರ್‌ನಲ್ಲಿ ಅಳೆದು ಪಾಸ್ ಮಾಡಲು ಆಗುವುದಿಲ್ಲ. ಬೋರ್ ಡಯಲ್ (ತೂತಿನ ಒಳ ವ್ಯಾಸ ಅಳೆಯುವ ಗೇಜ್) ಬೇಕು. ಸಂಖ್ಯೆ ಜಾಸ್ತಿ ಇದ್ದರೆ ಪ್ಲಗ್ ಗೇಜ್: ‘ಗೋ’ ತುದಿ ಒಳಗೆ ಹೋಗಬೇಕು, ‘ನೋ ಗೋ’ ತುದಿ ಹೋಗಬಾರದು.

ಶೆಖೆಯನ್ನೂ ಮರೆಯಬೇಡಿ. ಡ್ರಾಯಿಂಗ್‌ನ ಎಲ್ಲ ಅಳತೆಗಳೂ 20 ಡಿಗ್ರಿ ಸೆಲ್ಸಿಯಸ್‌ಗೆ ಸೇರಿದವು. ಏಪ್ರಿಲ್ ಮಧ್ಯಾಹ್ನ ತಗಡಿನ ಛಾವಣಿ ಕೆಳಗೆ 35 ಡಿಗ್ರಿ ಇದ್ದರೆ, ಅಲ್ಯೂಮಿನಿಯಂ ಹೌಸಿಂಗ್‌ನ 47ರ ಬೋರ್ ಸುಮಾರು 16 ಮೈಕ್ರಾನ್ ಹಿಗ್ಗಿರುತ್ತದೆ. ಉಕ್ಕಿನ ಗೇಜ್ ಹಿಗ್ಗುವುದು ಅದರ ಅರ್ಧ. ಉಳಿದ 8 ಮೈಕ್ರಾನ್ ವ್ಯತ್ಯಾಸ ನಿಮ್ಮ 25ರಲ್ಲಿ ಮೂರನೇ ಒಂದು ಭಾಗ. ಆಗಷ್ಟೇ ಮಷಿನ್‌ನಿಂದ ಇಳಿಸಿದ ಬಿಸಿ ಜಾಬನ್ನು ಅನುಭವಿ ಇನ್ಸ್‌ಪೆಕ್ಟರ್‌ಗಳು ಮುಟ್ಟದೆ ಪಕ್ಕಕ್ಕೆ ಇಡುವುದು ಇದಕ್ಕೇ.

ಹೆಜ್ಜೆ 6: ಅದೇ ಪಾರ್ಟನ್ನು ಬೇರೆ ಬೇರೆ ರೀತಿ ಮಾಡಿ ನೋಡಿ

ಹೌಸಿಂಗ್ ಐದು ಬೇಕಾದರೆ ಪ್ಲೇಟ್ ಕತ್ತರಿಸಿ ಮಷಿನ್ ಮಾಡುತ್ತಾರೆ. ಐದು ಸಾವಿರ ಬೇಕಾದರೆ ಎರಕ ಹೊಯ್ಯುತ್ತಾರೆ. ಆಗ ಡ್ರಾಯಿಂಗೇ ಬದಲಾಗಬೇಕು. ಬೆಳಗಾವಿ ಅಥವಾ ಶಿವಮೊಗ್ಗ ಕಡೆಯವರಾದರೆ ಫೌಂಡ್ರಿ ಹತ್ತಿರದಲ್ಲೇ ಸಿಗುತ್ತದೆ, ಒಮ್ಮೆ ಹೋಗಿ ಬನ್ನಿ. ಮರಳಿನ ಅಚ್ಚಿನಿಂದ ಪ್ಯಾಟರ್ನ್ (ಪಾರ್ಟಿನ ಮಾದರಿ) ಹೊರಗೆ ಎಳೆಯುವುದನ್ನು ಕಣ್ಣಾರೆ ನೋಡಿದರೆ ಗೋಡೆಗಳಿಗೆ ಡ್ರಾಫ್ಟ್ (ಸ್ವಲ್ಪ ಓರೆ) ಯಾಕೆ ಬೇಕು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಬೀಡು ಕಬ್ಬಿಣ ಆರಿದಾಗ ಸುಮಾರು ಶೇ 1ರಷ್ಟು ಕುಗ್ಗುತ್ತದೆ. 250 ಮಿ.ಮೀ. ಪಾರ್ಟಿಗೆ ಪ್ಯಾಟರ್ನ್ 252.5 ಇರುತ್ತದೆ. ದಪ್ಪ ಗೋಡೆ ತೆಳು ಗೋಡೆಯನ್ನು ತಟ್ಟನೆ ಸೇರುವ ಕಡೆ ಒಳಗೆ ಟೊಳ್ಳು ಬೀಳುತ್ತದೆ, ಆದ್ದರಿಂದ ದಪ್ಪವನ್ನು ನಿಧಾನಕ್ಕೆ ಬದಲಿಸಿ.

ಶೀಟ್ ಮೆಟಲ್‌ನಲ್ಲಿ ಒಂದು ಲೆಕ್ಕ ಕಲಿತರೆ ಬಹಳ ದೂರ ಬರುತ್ತದೆ. 2 ಮಿ.ಮೀ. ಹಾಳೆ, ಒಳ ರೇಡಿಯಸ್ 2, ಹೊರ ಅಳತೆ 50 ಮತ್ತು 30ರ ಒಂದು ಎಲ್ ಆಕಾರ. ಬಿಡಿಸಿದ ಉದ್ದ ಎಷ್ಟು? ನೇರ ಭಾಗಗಳು 46 ಮತ್ತು 26. ಬಾಗಿದ ಭಾಗಕ್ಕೆ ಕೆ-ಫ್ಯಾಕ್ಟರ್ (ಬಾಗಿಸಿದಾಗ ಉದ್ದ ಬದಲಾಗದ ಪದರ ಒಳಮೈಯಿಂದ ದಪ್ಪದ ಎಷ್ಟು ಪಾಲು ದೂರದಲ್ಲಿದೆ ಎಂಬುದು) 0.4 ಹಿಡಿದರೆ, 2ಕ್ಕೆ 0.8 ಸೇರಿಸಿ 2.8; 1.571ನ್ನು 2.8ರಿಂದ ಗುಣಿಸಿ 4.4. ಒಟ್ಟು 76.4 ಮಿ.ಮೀ. ಇದನ್ನು ಕಾಗದದ ಮೇಲೆ ಹಾಕಿ, ಒಂದು ಪಟ್ಟಿ ಕತ್ತರಿಸಿ, ಪ್ರೆಸ್ ಬ್ರೇಕ್‌ನಲ್ಲಿ ಬಾಗಿಸಿ ಅಳೆಯಿರಿ. ಬಂದ ವ್ಯತ್ಯಾಸದಿಂದ ಆ ಶಾಪ್‌ನ ನಿಜವಾದ ಕೆ-ಫ್ಯಾಕ್ಟರ್ ಗೊತ್ತಾಗುತ್ತದೆ. ಬಾಗಿನ ಹತ್ತಿರ ತೂತು ಇಟ್ಟರೆ ಅದು ಮೊಟ್ಟೆಯಾಕಾರಕ್ಕೆ ಎಳೆದುಕೊಳ್ಳುತ್ತದೆ. ಹಾಳೆಯ ದಪ್ಪದ ಎರಡೂವರೆ ಪಟ್ಟು, ಅದಕ್ಕೆ ಬಾಗಿನ ರೇಡಿಯಸ್ ಸೇರಿಸಿ, ಅಷ್ಟು ದೂರ ಇಡಿ.

ಪ್ಲಾಸ್ಟಿಕ್ ಮೋಲ್ಡಿಂಗ್ ಬೇರೆಯದೇ ಲೋಕ. ಸದ್ಯಕ್ಕೆ ಇಷ್ಟು ನೆನಪಿಡಿ: ಗೋಡೆ ಎಲ್ಲ ಕಡೆ ಒಂದೇ ದಪ್ಪ, ಒಂದೆರಡು ಡಿಗ್ರಿ ಡ್ರಾಫ್ಟ್, ರಿಬ್ (ಗೋಡೆಗೆ ಬಲ ಕೊಡುವ ಪಟ್ಟಿ) ಗೋಡೆಯ ಅರ್ಧದಷ್ಟು ದಪ್ಪ.

ಹೆಜ್ಜೆ 7: ಈಗ ಕ್ಯಾಡ್

ಇಲ್ಲಿಯವರೆಗಿನ ಕೆಲಸಕ್ಕೆ ದುಬಾರಿ ಸಾಫ್ಟ್‌ವೇರ್ ಬೇಕಿಲ್ಲ. ಫ್ರೀಕ್ಯಾಡ್ ಉಚಿತ, ಅದರಲ್ಲಿ ಮಾಡೆಲ್ಲೂ ಡ್ರಾಯಿಂಗೂ ಆಗುತ್ತದೆ. ಕೆಲಸ ಹುಡುಕುವ ಹೊತ್ತಿಗೆ ಆ ಕಂಪನಿಯಲ್ಲಿ ಬಳಸುವುದನ್ನು ಕಲಿಯಿರಿ, ಸಾಲಿಡ್‌ವರ್ಕ್ಸ್ ಇರಲಿ, ಕ್ರಿಯೋ ಇರಲಿ. ಒಂದು ಬಂದವರಿಗೆ ಇನ್ನೊಂದು ಕೆಲವೇ ವಾರದ ಮಾತು. ಮಾಡೆಲ್ ಮಾಡುವಾಗ ಮಷಿನ್ ಮಾಡುವ ಕ್ರಮದಲ್ಲೇ ಫೀಚರ್ ಹಾಕಿ: ಮೊದಲು ದಿಮ್ಮಿ, ಆಮೇಲೆ ‘ಎ’ ಮುಖ, ಬೋರ್, ತೂತುಗಳು, ಕೊನೆಗೆ ಚಾಂಫರ್ (ಅಂಚಿನ ಓರೆ ಕತ್ತರಿಕೆ). ಹಾಗೆ ಹಾಕುತ್ತಾ ಹೋದರೆ ಮಾಡಲು ಆಗದ ಜಾಗ ತಾನಾಗಿ ಕಣ್ಣಿಗೆ ಬೀಳುತ್ತದೆ.

ಕ್ರಮವಾಗಿ ಕಲಿಯಬೇಕು ಎನ್ನುವವರಿಗೆ ನಮ್ಮ ರಾಜ್ಯದಲ್ಲಿ ಒಳ್ಳೆಯ ಜಾಗಗಳಿವೆ. ಸರ್ಕಾರದ ಟೂಲ್ ತರಬೇತಿ ಕೇಂದ್ರ ಜಿಟಿಟಿಸಿ 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾಯಿತು, ಈಗ ಹಲವು ಜಿಲ್ಲೆಗಳಲ್ಲಿ ಇದೆ. ತಾಂತ್ರಿಕ ತರಬೇತಿ ಸಂಸ್ಥೆ ಎನ್‌ಟಿಟಿಎಫ್ ಇದೆ. ತುಮಕೂರು ರಸ್ತೆಯಲ್ಲಿ ತಯಾರಿಕಾ ತಂತ್ರಜ್ಞಾನದ ಸಂಸ್ಥೆ ಸಿಎಂಟಿಐ ಇದೆ. ಅದೇ ರಸ್ತೆಯ ಪ್ರದರ್ಶನ ಕೇಂದ್ರ ಬಿಐಇಸಿಯಲ್ಲಿ ಮಷಿನ್ ಟೂಲ್‌ಗಳ ಇಮ್‌ಟೆಕ್ಸ್ ಪ್ರದರ್ಶನ ನಡೆದಾಗ ಒಂದು ದಿನ ಪೂರ್ತಿ ಇಟ್ಟುಕೊಂಡು ಹೋಗಿ. ಭಾರತೀಯ ಮಾನಕ ಬ್ಯೂರೋದ ಹಲವು ಮಾನಕಗಳು ಅದರ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಲಿಮಿಟ್ಸ್ ಮತ್ತು ಫಿಟ್ಸ್‌ಗೆ ಐಎಸ್ 919, ಡ್ರಾಯಿಂಗ್ ಪದ್ಧತಿಗೆ ಎಸ್‌ಪಿ 46 ನೋಡಿ.

ಹೆಜ್ಜೆ 8: ಮಾಡಿಸಿ, ಅಳೆಯಿರಿ

ಈ ಹೆಜ್ಜೆಯನ್ನು ಬಿಟ್ಟರೆ ಮೇಲಿನ ಏಳೂ ಅರ್ಧಂಬರ್ಧ. ಹೌಸಿಂಗ್‌ಗೆ ಎರಡು ಡ್ರಾಯಿಂಗ್ ಮಾಡಿ. ಒಂದರಲ್ಲಿ ಎಲ್ಲ ಅಳತೆಗೂ ±0.02, ಎಲ್ಲ ಮೈಗೂ ಆರ್‌ಎ 0.8 ಫಿನಿಶ್ ಬರೆಯಿರಿ (ಆರ್‌ಎ ಮೈಯ ಒರಟುತನದ ಅಳತೆ, ಕಡಿಮೆ ಇದ್ದಷ್ಟೂ ನುಣುಪು). ಇನ್ನೊಂದರಲ್ಲಿ ಬೋರಿಗೆ ಮಾತ್ರ ಎಚ್7 ಮತ್ತು ಆರ್‌ಎ 1.6, ತೂತುಗಳಿಗೆ ಪೊಸಿಷನ್ 0.3, ಉಳಿದದ್ದಕ್ಕೆ ಜನರಲ್ ಟಾಲರೆನ್ಸ್ ಮತ್ತು ಆರ್‌ಎ 3.2. ಎರಡನ್ನೂ ಒಂದೇ ಶಾಪ್‌ಗೆ ಕೊಟ್ಟು ರೇಟ್ ಕೇಳಿ. ಕಲಿಯಲು ಕೇಳುತ್ತಿದ್ದೇನೆ ಎಂದು ಮೊದಲೇ ಹೇಳಿಬಿಡಿ. ಮೊದಲನೆಯದಕ್ಕೆ ಅವರು ಗ್ರೈಂಡಿಂಗ್ ಎಂದು ಸೇರಿಸುತ್ತಾರೆ. ರೇಟ್ ವ್ಯತ್ಯಾಸವನ್ನು ಡ್ರಾಯಿಂಗ್ ಮೂಲೆಯಲ್ಲಿ ಬರೆದಿಡಿ.

ಆಮೇಲೆ ಎರಡನೆಯದನ್ನು ಒಂದೇ ಒಂದು ಮಾಡಿಸಿ. ಮಾಡುವಾಗ ಪಕ್ಕದಲ್ಲಿರಿ. ಆಪರೇಟರ್ ಎಲ್ಲಿ ತಡೆದು ಡ್ರಾಯಿಂಗ್ ತಿರುಗಿಸಿ ನೋಡುತ್ತಾರೋ ಅಲ್ಲಿ ನಿಮ್ಮ ಬರವಣಿಗೆ ಸ್ಪಷ್ಟವಾಗಿಲ್ಲ ಎಂದು ಗುರುತು ಹಾಕಿಕೊಳ್ಳಿ. ಪೆನ್ಸಿಲ್ ಹಿಡಿದು ಅವರು ಏನಾದರೂ ಕೂಡಿಸಿ ಕಳೆದರೆ, ಅವರಿಗೆ ಬೇಕಿದ್ದ ಅಳತೆಯನ್ನು ನೀವು ಕೊಟ್ಟಿಲ್ಲ. ಪಾರ್ಟ್ ತಣ್ಣಗಾದ ಮೇಲೆ ಅಳೆದು, ಬಂದ ಅಳತೆಗಳನ್ನು ಕೆಂಪು ಪೆನ್ನಿನಲ್ಲಿ ಡ್ರಾಯಿಂಗ್ ಮೇಲೆಯೇ ಬರೆಯಿರಿ. ಕೊನೆಗೆ ಮೇಜಿನ ಮೇಲಿದ್ದ 6204ನ್ನು ತಂದು ಹೆಬ್ಬೆರಳಿನಲ್ಲಿ ಒತ್ತಿ.

ಒಳಗೆ ಹೋಗಿ ಮೆಟ್ಟಿಲಿಗೆ ತಾಗಿದರೆ, ಕೆಂಪು ಗುರುತಿನ ಹಾಳೆಯನ್ನು ಫೈಲ್‌ಗೆ ಸೇರಿಸಿ, ತಿದ್ದಿದ ಡ್ರಾಯಿಂಗ್‌ಗೆ ರೆವಿಷನ್ ‘ಬಿ’ ಎಂದು ಬರೆಯಿರಿ. ಮುಂದಿನ ವಾರ ಶಾಫ್ಟ್ ಬರೆಯಲು ಕೂರಿ. ಮೆಟ್ಟಿಲಿನ ರೇಡಿಯಸ್ 0.8 ಕೊಡಿ.